ಹುಲಿ ಕಂಡೇ ಕಾಣುತ್ತೆ

"ಕಂಡೇ ಕಾಣುತ್ತೆ ಮೇಡಂ! ಮೂರು ಮರಿ ಹಾಕಿರೋ ಹೆಣ್ಣುಹುಲಿ, ದಿನಾ ಬೆಳಿಗ್ಗೆ ಕೆರೆಗೆ ಬರುತ್ತೆ. ಭಾನುವಾರದ ಸಫಾರಿಗೆ ನಿಮ್ಮ ಹೆಸರು ಬರ್ಕೊಂಡೆ."

ಫೋನಿಟ್ಟು ತಿರುಗಿದ ತಾಡೋಬಾ ಹುಲಿಕಾಡಿನ ಗೈಡ್ ಸುಖದೇವ ಮಡಾವಿ ಹಾಗೇ ನಿಂತುಬಿಟ್ಟ. ಬಾಗಿಲಲ್ಲಿ ತಮ್ಮನ ಹೆಂಡತಿ ಶೇವಂತಾ ಚಹಾ ಹಿಡಿದು ನಿಂತಿದ್ದಳು. ಹೋದ ತಿಂಗಳು ಹಿಪ್ಪೆ ಹೂವು ಆರಿಸಲು ಹೋಗಿದ್ದ ತಮ್ಮನನ್ನು ಕೊಂದದ್ದು ಅದೇ ಹುಲಿ.

"ಏನ್ಮಾಡ್ಲಿ ಶೇವಂತಾ, ಅವರು ಬಂದ್ರೇನೇ ನಮ್ಮ ಒಲೆ ಉರಿಯೋದು..."

"ನಾನೇನಾದ್ರೂ ಅಂದ್ನಾ ಭಾವಾ?" ಅವಳು ಲೋಟವನ್ನು ಅವನ ಕೈಗಿಟ್ಟಳು. "ಜೀಪಲ್ಲಿ ನಂಗೂ ಒಂದು ಸೀಟು ಹಿಡೀರಿ. ಜನ ಅಷ್ಟು ದೂರದಿಂದ ಬಂದು ನೋಡೋ ಆ ಮುಖಾನ ನಾನೂ ಒಂದ್ಸಲ ನೋಡ್ಬೇಕು."

ಸಾವಿರಾರು ಜನರಿಗೆ ಹುಲಿ ತೋರಿಸಿದ್ದ ಸುಖದೇವನಿಗೆ ಅವಳತ್ತ ತಲೆಯೆತ್ತಿ ನೋಡಲಾಗಲಿಲ್ಲ.