ಎದೆಯೊಳಗಿನ ಕೋರಂ

ಎದೆಗಿವಿ ಎಂಬ ಪುಟ್ಟ ಯಂತ್ರ ಬಂದ ಮೇಲೆ ಶ್ವಾಸಕೋಶದ ಬ್ಯಾಕ್ಟೀರಿಯಾಗಳ ಮಾತು ಎಲ್ಲರಿಗೂ ಕೇಳಿಸುತ್ತದೆ. ಕಲ್ಲುಗಣಿಯ ಧೂಳು ಕುಡಿದು ಸವೆದ ನನ್ನ ಅಜ್ಜಿ ಗುರುಬಸವ್ವನ ಎದೆಯಲ್ಲಿ ಅವು ದಿನವೂ ಸಭೆ ಸೇರುತ್ತಿದ್ದವು. ಸಾಕಷ್ಟು ಮಂದಿ ಕೂಡಿ ಕೋರಂ ಆಗುವವರೆಗೆ ವಿಷ ಬಿಡುತ್ತಿರಲಿಲ್ಲ.

“ನಮ್ಮ ಮಹಿಳಾ ಸಂಘದಾಗ ಎಂದೂ ಕೋರಂ ಆಗಲಿಲ್ಲ. ಇವಕ್ಕ ನೋಡವ್ವಾ, ಎಷ್ಟು ಶಿಸ್ತು!” ಎಂದು ಅಜ್ಜಿ ಏದುಸಿರಿನಲ್ಲೇ ನಗುತ್ತಿದ್ದಳು.

ಅಂದು ಬೆಳಿಗ್ಗೆ ಎದೆಗಿವಿ, “ಇನ್ನು ನೂರು ಮಂದಿ ಬಂದರೆ ಸಾಕು,” ಎಂದಿತು. ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದೆ. ಔಷಧದ ಕಿಟಕಿಯ ಗುಮಾಸ್ತ ಯಂತ್ರಕ್ಕೆ ಕಿವಿಗೊಟ್ಟ.

“ಕೋರಂ ಆಗಿಲ್ಲಲ್ರೀ. ವಿಷ ಬಿಡೂಕಿಂತ ಮೊದಲ ಔಷಧ ಕೊಡಾಕ ರೂಲ್ಸ್ ಇಲ್ಲ.”

“ಬಿಟ್ಟ ಮ್ಯಾಲ ನಮ್ಮಜ್ಜಿ ಉಳೀತಾಳೇನ್ರೀ?”

“ಅದನ್ನ ಕೇಳಾಕ ಬ್ಯಾರೆ ಕಿಟಕಿ ಐತಿ, ತಂಗಿ.”

ಬೆಂಚಿನ ಮೇಲೆ ಕೂತು, “ಅಜ್ಜೀ, ಅವಕ್ಕೊಂದು ಕತಿ ಹೇಳು. ಸಭೆ ಮರೀಲಿ,” ಎಂದು ಬೇಡಿದೆ. ಚಿಕ್ಕಂದಿನಲ್ಲಿ ನನ್ನ ಹಟ ಮರೆಸುತ್ತಿದ್ದ ಕುಂಬಳಕಾಯಿ ರಾಜಕುಮಾರಿಯ ಕತೆಯನ್ನು ಅವಳು ತನ್ನ ಎದೆಗೇ ಹೇಳತೊಡಗಿದಳು. ಯಂತ್ರದ ಗದ್ದಲ ಅಡಗಿತು. ಗೆದ್ದೆವೆಂದುಕೊಂಡೆ.

ಕತೆ ಮುಗಿಯುವ ಮೊದಲೇ ಎದೆಗಿವಿ, “ಕತೆ ಕೇಳಲು ಎಲ್ಲರೂ ಬಂದಿದ್ದಾರೆ. ಕೋರಂ ಆಗಿದೆ,” ಎಂದಿತು. ಅಜ್ಜಿಯ ತುಟಿ ನೀಲಿಗಟ್ಟಿತು.

ಗುಮಾಸ್ತ ಚೀಟಿಗೆ ಠಸ್ಸೆ ಒತ್ತಿ, “ಈಗ ತಗೊಳ್ರಿ,” ಎಂದು ಬಾಟಲಿ ಚಾಚಿದ. ಅಜ್ಜಿ ಬಾಯಿ ತೆರೆಯಲಿಲ್ಲ.