ಬೂದಿ ಹೊಂಡಕ್ಕೊಂದು ಜೈಕಾರ

“ನನ್ನ ಕೈ ಯಾಕ ಮ್ಯಾಲ ಹೋತು?”

ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತು, ಪತ್ರಿಕೆಯನ್ನೊಮ್ಮೆ ಹತ್ತಿರ ತಂದು, ಒಮ್ಮೆ ದೂರ ಹಿಡಿದು ಮಲ್ಲಯ್ಯ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಫೋಟೋದಲ್ಲಿ ಅವರೇ ಇದ್ದರು. ಬಾಯಿ ತೆರೆದಿತ್ತು, ಎರಡೂ ಕೈ ಮೇಲೆ. ಬೆನ್ನ ಹಿಂದೆ ಊರಿಗೆ ಊರೇ ಹಾಗೆ ಕೈಯೆತ್ತಿ ನಿಂತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ‘ಬೂದಿ ಹೊಂಡಕ್ಕೆ ಗ್ರಾಮಸ್ಥರ ಒಕ್ಕೊರಲ ಒಪ್ಪಿಗೆ’ ಎಂದಿತ್ತು.

“ನಾವೆಲ್ಲಾ ಒಪ್ಪೀವಂತ್ರಿ ಅಯ್ನೋರ,” ಎಂದಳು ಚಹಾ ಸೋಸುತ್ತಿದ್ದ ಅನ್ನಮ್ಮ. “ನಾನೂ ಇದ್ದೀನಿ ನೋಡ್ರಿ ಅದರಾಗ, ಕೆಂಪು ಸೀರಿ. ಛಲೋ ಬಂದೀನಿ.”

ಮಲ್ಲಯ್ಯನಿಗೆ ನಗು ಬರಲಿಲ್ಲ. ಫೋಟೋದಲ್ಲಿದ್ದ ಆ ಸಭೆ ನಡೆದದ್ದು ಶಾಲೆಯ ಬಯಲಿನಲ್ಲಿ. ವಿದ್ಯುತ್ ಕಂಪನಿಯೊಂದು ಕಲ್ಲಿದ್ದಲು ಸುಟ್ಟ ಬೂದಿಯನ್ನು ತಂದು ದನ ಮೇಯುವ ಗಾಯರಾಣದಲ್ಲಿ ಹೊಂಡ ತೋಡಿ ತುಂಬಬೇಕೆಂದಿತ್ತು. ಗಾಯರಾಣಕ್ಕೆ ಹೊಂದಿಕೊಂಡೇ ಊರು ನೀರು ಕುಡಿಯುವ ಕೆರೆ. ಪರದೆಯ ಮೇಲೆ ಚಿತ್ರ ತೋರಿಸುತ್ತ ಕಂಪನಿಯ ಸಾಹೇಬರು ಬಹಳ ಹೊತ್ತು ಮಾತಾಡಿದರು. ಮೆಗಾವ್ಯಾಟು, ದೇಶದ ಬೇಡಿಕೆ, ಅಭಿವೃದ್ಧಿ. ಜನ ಮಠದಲ್ಲಿ ಪುರಾಣ ಕೇಳುವ ಹಾಗೆ ತೆಪ್ಪಗೆ ಕೇಳಿದರು. ಕೊನೆಗೆ ಕಂಪನಿಯ ಕೆಲಸಕ್ಕೆ ನಿಂತಿದ್ದ ಊರ ಹುಡುಗ ಕೊಟ್ರೇಶ ಮಲ್ಲಯ್ಯನ ಕಿವಿಯ ಹತ್ತಿರ ಬಂದ. “ಅಜ್ಜಾರ, ಮುಗೀತು. ಮಂಗಳ ಆಗ್ಲಿ, ಒಂದು ಜೈಕಾರ ಹಾಕ್ರಿ.” ಮಠದಲ್ಲಿ ಪುರಾಣ ಮುಗಿದಾಗೆಲ್ಲ ಜೈಕಾರ ಹಾಕುವುದು ಮಲ್ಲಯ್ಯನ ಸೇವೆ. ಜೈಕಾರವಿಲ್ಲದೆ ಎದ್ದುಹೋದರೆ ಕೇಳಿದ ಪುಣ್ಯ ದಕ್ಕುವುದಿಲ್ಲವೆಂದು ಊರು ನಂಬಿತ್ತು. ಅವರು ಎದ್ದು ನಿಂತು ಶಿವನ ಹೆಸರು ಕೂಗಿದರು. “ಹರ ಹರ ಮಹಾದೇವ” ಎಂದು ಅಷ್ಟೂ ಕೈಗಳು ಮೇಲೆದ್ದವು. ಅದೇ ಹೊತ್ತಿಗೆ ಯಾರೋ ಫೋಟೋ ತೆಗೆದರು.

ಫೋಟೋದ ಅಂಚಿನಲ್ಲಿ ಕೈ ಕೆಳಗಿದ್ದವರು ಕೊನೆಯ ಓಣಿಯ ಕೂಲಿಕಾರರು ಮಾತ್ರ. ಮಠದ ಹೊಸ್ತಿಲೊಳಗೆ ಅವರನ್ನು ಯಾರೂ ಬಿಟ್ಟುಕೊಂಡಿರಲಿಲ್ಲ; ಆ ಜೈಕಾರ ಅವರದಲ್ಲ. ಅದೇ ಓಣಿಯ ನಾಗವೇಣಿ ಈಗ ಮಾನ್ವಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ; ಕರೆಂಟು ಎಲ್ಲಿ ಹುಟ್ಟುತ್ತದೆ, ಯಾರಿಗೆ ಹೋಗುತ್ತದೆ, ಅದರ ಹೊಗೆ ಯಾರ ಪಾಲಿಗೆ ಎಂದು ಪತ್ರಿಕೆಗೆ ಬರೆಯುತ್ತಾಳೆ. ಈ ಪಕ್ಷದವರು ಅವಳನ್ನು ಆ ಪಕ್ಷದವಳೆನ್ನುತ್ತಾರೆ, ಆ ಪಕ್ಷದವರು ಈ ಪಕ್ಷದವಳೆಂದು. ಈ ಸಭೆಯ ಬಗ್ಗೆಯೂ ಬರೆದಳು. ರಾಯಚೂರಿನಲ್ಲಿ ಯಾರೋ ಮೇಲಿನವರು ಓದಿದರೆಂದು ಕಾಣುತ್ತದೆ, ಸಭೆ ಮತ್ತೊಮ್ಮೆ ಕರೆದರು. ಆವತ್ತು ಬೆಳಿಗ್ಗೆ ಅವಳು ಮಠದ ಕಟ್ಟೆಯ ಹತ್ತಿರ ಬಂದಳು.

“ಅಯ್ನೋರ, ಇವತ್ತು ನೀವು ಎದ್ದು ಹೇಳ್ರಿ. ಕೈ ಎತ್ತಿದ್ದು ಶಿವನಿಗೆ, ಕಂಪನಿಗಲ್ಲ ಅಂತ.”

“ನನಗ ಭಾಷಣ ಎಲ್ಲಿ ಬರ್ತದವ್ವಾ? ಮಂದಿ ಮುಂದ ನಿಂತ್ರ ಜೈಕಾರ ಬಿಟ್ಟು ಮತ್ತೇನೂ ಬರಂಗಿಲ್ಲ.”

“ಹಂಗಾರ ಕೆರಿ ಹೋತು ಅನ್ಕೋರಿ,” ಎಂದು ಅವಳು ಹೊರಟುಹೋದಳು.

ಸಭೆಗೆ ರಾಯಚೂರಿನಿಂದ ಹೊಸ ಸಾಹೇಬರು ಬಂದಿದ್ದರು. ಮುಂದಿನ ಕುರ್ಚಿಗಳಲ್ಲಿ ಶಾಸಕರ ಕಡೆಯವರು ಕೂತಿದ್ದರು. “ತಕರಾರು ಇದ್ದವರು ಹೇಳಬಹುದು,” ಎಂದರು ಸಾಹೇಬರು. ಎದ್ದವಳು ನಾಗವೇಣಿಯೊಬ್ಬಳೇ.

“ಬ್ಯಾಸಗಿ ಗಾಳಿಗೆ ಆ ಬೂದಿ ಎಲ್ಲಿ ಬೀಳ್ತದ್ರಿ? ಕೆರಿ ನೀರು ಕೆಟ್ರ ಜವಾಬು ಯಾರು ಕೊಡ್ತೀರಿ? ಹೆಸರು ಹೇಳ್ರಿ.”

“ಹಿಂದಿನ ಸಭೆಯಲ್ಲಿ ಎಲ್ಲರೂ ಕೈಯೆತ್ತಿ ಒಪ್ಪಿದ್ದಾರಲ್ಲ, ಫೋಟೋ ಇದೆ. ನಿಮ್ಮೊಬ್ಬರದೇ ವಿರೋಧವೇನಮ್ಮ?” ಎಂದರು ಸಾಹೇಬರು.

“ಮಾನ್ವ್ಯಾಗಿನ ನಳದ ನೀರು ಕುಡಿಯೋರಿಗೆ ನಮ್ಮ ಕೆರಿ ಚಿಂತಿ ಯಾಕ್ರಿ?” ಎಂದ ಮುಂದಿನ ಕುರ್ಚಿಯವನೊಬ್ಬ. ಕೆಲವರು ನಕ್ಕರು. ನಾಗವೇಣಿ ನಿಂತಲ್ಲೇ ತಿರುಗಿ ಜನರ ಕಡೆ ನೋಡಿದಳು. ಪಕ್ಕದವನು ಎದ್ದರೆ ತಾನೂ ಏಳೋಣವೆಂದು ಪ್ರತಿಯೊಬ್ಬರೂ ಕಾಯುತ್ತಿದ್ದರು. ಹಾಗಾಗಿ ಯಾರೂ ಏಳಲಿಲ್ಲ.

ಕೊಟ್ರೇಶ ಬಗ್ಗಿ ಬಂದು ಮಲ್ಲಯ್ಯನ ಕೈಗೆ ಮೈಕು ಕೊಟ್ಟ. “ಅಜ್ಜಾರ, ಕಂಪನಿ ಮಾಡಿಸಿದ ಊಟ ಆರಾಕತ್ತದ. ಒಂದು ಜೈಕಾರ ಹಾಕಿಬಿಡ್ರಿ, ಮಂದಿ ಏಳ್ಲಿ.”

“ಫೋಟೋ ತೆಗಿತಾರೇನಲೇ?”

“ತೆಗಿತಾರ್ರಿ. ಈ ಸಲ ನಿಮ್ದು ಇನ್ನಾ ದೊಡ್ಡದು ಬರ್ತದ.” ಮಲ್ಲಯ್ಯ ಏಳದ್ದನ್ನು ಕಂಡು ನಕ್ಕ. “ದಿನಾ ಹಣಿಗೆ ವಿಭೂತಿ ಹಚ್ಚೋರು ನೀವು, ಬೂದಿಗೆ ಅಂಜಿದ್ರ ಹೆಂಗ್ರಿ?”

ಮಲ್ಲಯ್ಯ ಎದ್ದರು. ಅವರು ಎದ್ದದ್ದೇ ತಡ, ಬಯಲಿನ ತುಂಬ ಜನ ರೂಢಿಯಂತೆ ಎದ್ದು ನಿಂತರು. ತೊಡೆಯ ಮೇಲಿದ್ದ ಕೈಗಳು ಎದೆಯ ಮಟ್ಟಕ್ಕೆ ಬಂದು, ಕೂಗಿಗಾಗಿ ಕಾಯುತ್ತ ನಿಂತವು. ವೇದಿಕೆಯ ಮೇಲೆ ಕ್ಯಾಮೆರಾ ಕಣ್ಣಿಗೇರಿತು. ನಾಗವೇಣಿ ತಲೆ ತಗ್ಗಿಸಿದಳು. ಮಲ್ಲಯ್ಯನ ಗಂಟಲಿಗೆ ಜೈಕಾರ ತಾನಾಗಿಯೇ ಬಂದಿತ್ತು. ಇಷ್ಟು ವರ್ಷ ಅದು ಹಾಗೆಯೇ ಬಂದಿತ್ತು, ಕೇಳದೆ, ತಡೆಯದೆ. ಅವರು ಉಗುಳು ನುಂಗಿದರು. ಅದರ ಸದ್ದು ಕೂಡ ಮೈಕಿನಲ್ಲಿ ಕೇಳಿಸಿತು.

“ಹಾಕ್ರಿ ಅಜ್ಜಾರ,” ಎಂದ ಕೊಟ್ರೇಶ.

“ಒಲ್ಲೆ,” ಎಂದರು ಮಲ್ಲಯ್ಯ. “ಇವತ್ತು ಇಲ್ಲಿ ನಾ ಶಿವನ ಹೆಸರು ತಗೊಳ್ಳಂಗಿಲ್ಲ.”