ಬಿತ್ತನೆ ಶೇಂಗಾ

ಚಳ್ಳಕೆರೆಯ ನನ್ನ ಅಂಗಡಿಯಲ್ಲಿ ಶೇಂಗಾ ಚೀಲ ಬಿಚ್ಚಿದಾಗ ಏಳುವ ಒಣಮಣ್ಣಿನ ವಾಸನೆ ಈಗಲೂ ನನ್ನನ್ನು ಒಂದು ಮಧ್ಯಾಹ್ನಕ್ಕೆ ಕರೆದೊಯ್ಯುತ್ತದೆ. ಬಿತ್ತನೆಗೆ ಕೊಳ್ಳುವವರು ನನ್ನ ಮಾತು ಕೇಳಿ: ಎಷ್ಟು ಬೇಕಾದರೂ ಚೌಕಾಸಿ ಮಾಡಿ, ಆದರೆ ಕೈಯಲ್ಲಿ ಸುಲಿದ ಬೀಜವನ್ನೇ ತಗೊಳ್ಳಿ. ಯಂತ್ರದಲ್ಲಿ ಪೆಟ್ಟು ತಿಂದ ಬೀಜ ಮೊಳೆಯುವುದಿಲ್ಲ.

ನನ್ನ ಬಾಲ್ಯದಲ್ಲಿ ಹಾಗೆ ಸುಲಿಯುತ್ತಿದ್ದವರು ನಮ್ಮವ್ವ, ಅಕ್ಕ ಮತ್ತು ಓಣಿಯ ಹೆಂಗಸರು. ಹತ್ತನೇ ತರಗತಿಯಲ್ಲಿ ಅಕ್ಕ ಗಣಿತವೊಂದರಲ್ಲೇ ಫೇಲಾಗಿದ್ದಳು. ಮರುಪರೀಕ್ಷೆ ಬಂದದ್ದು ಬಿತ್ತನೆಗೆ ಮುಂಚೆ, ಸುಲಿಯುವ ಕಾಲದಲ್ಲೇ. ಕಾಯಿ ಒತ್ತಿ ಒತ್ತಿ ಅವಳ ಬಲಗೈ ಹೆಬ್ಬೆರಳು ಬಿರಿದಿತ್ತು. ಹರಳೆಣ್ಣೆ ಹಚ್ಚಿ, ಬಟ್ಟೆ ಸುತ್ತಿಕೊಂಡು ಬೆಳಿಗ್ಗೆ ಪರೀಕ್ಷೆಗೆ ಹೋಗಿದ್ದಳು.

ಮಧ್ಯಾಹ್ನ ಅವಳು ಬಂದಾಗ ನಾವೆಲ್ಲ ರಾಶಿಯ ಸುತ್ತ ಕೂತಿದ್ದೆವು.

"ಬಂದ್ಲು ನೋಡ್ರೇ ಮೇಡಮ್ಮು! ನೀನು ಪಾಸಾಗಿ ಹೋದ್ರೆ ಈ ಕಾಯಿ ಸುಲಿಯೋರು ಯಾರೇ?" ಎಂದು ಪಕ್ಕದ ಮನೆಯ ತಿಪ್ಪಕ್ಕ ನಕ್ಕಳು.

ಅವ್ವ ನಗಲಿಲ್ಲ. "ಹೆಂಗ್ ಬರ್ದೆ ಮಗಾ?"

"ಲೆಕ್ಕ ಎಲ್ಲಾ ಗೊತ್ತಿದ್ವವ್ವಾ. ಅರ್ಧ ಬರ್ಯೋದ್ರೊಳಗೆ ಬೆರಳಲ್ಲಿ ರಕ್ತ ಬಂತು. ಆಮೇಲೆ ಪೆನ್ನು ಹಿಡಿಯಾಕೇ ಆಗ್ಲಿಲ್ಲ."

ತಿಪ್ಪಕ್ಕನ ಕೈ ನಿಂತಿತು. "ಇವತ್ತು ಸುಲೀಬ್ಯಾಡ, ಹೋಗಿ ಮಲ್ಕ" ಎಂದಳು ಅವ್ವ.

"ಇನ್ನೊಂದ್ ಸಲ ಪರೀಕ್ಷೆ ಕಟ್ಟಬೌದಂತೆ, ಮೇಷ್ಟ್ರು ಹೇಳಿದ್ರು" ಎಂದಳು ಅಕ್ಕ. ನೀರು ಕುಡಿದು ನನ್ನ ಪಕ್ಕ ಕೂತಳು. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಒಂದು ಕಾಯಿಯನ್ನು ಎಡಗೈಯಲ್ಲಿ ಒತ್ತಿದಳು. ಅದು ಜಾರಿ ಬಿತ್ತು. ಮತ್ತೆ ಎತ್ತಿಕೊಂಡಳು.